ತಟ್ಟಿ ನೋಡುವವರ ಮಗಳು

ಶಾಲೆಯಲ್ಲಿ ಎಲ್ಲರೂ ಅವಳನ್ನು ಕಮೋಡ್ ರಾಣಿ ಎಂದೇ ಕರೆಯುತ್ತಿದ್ದರು. ಕರೆಯದೆ ಇನ್ನೇನು ಮಾಡಿಯಾರು? ಅಜ್ಜ ಕಾರ್ಖಾನೆಯಲ್ಲಿ ಕಮೋಡಿನ ಅಚ್ಚಿಗೆ ಮಣ್ಣಿನ ಗಂಜಿ ಸುರಿಯುವವರು. ಅಪ್ಪ, ಸುಟ್ಟು ಬಂದ ಕಮೋಡುಗಳನ್ನು ಮರದ ಕೊಡತಿಯಿಂದ ತಟ್ಟಿ ಸದ್ದು ಕೇಳುವವರು. ಗಂಟೆಯಂತೆ ನಾದ ಬಂದರೆ ಪಾಸು. ಒಡಕು ಸದ್ದು ಬಂದರೆ ಒಳಗೆಲ್ಲೋ ಬಿರುಕಿದೆ ಎಂದರ್ಥ. ಆಗ ಅಲ್ಲೇ, ಆ ಕ್ಷಣವೇ, ಸುತ್ತಿಗೆಯ ಒಂದೇಟು. ರಜೆಯ ದಿನಗಳಲ್ಲಿ ಅವಳು ಅಂಚು ಮುಕ್ಕಾದ ಸ್ನಾನದ ತೊಟ್ಟಿಯೊಂದರಲ್ಲಿ ಅಂಗಾತ ಮಲಗಿ ಇದನ್ನೆಲ್ಲ ಕೇಳುತ್ತ ಬೆಳೆದವಳು.

ಈಗ ಅವಳು ಹೆಸರು ಮಾಡಿದ ಪಿಂಗಾಣಿ ಕಲಾವಿದೆ. ಸೊಂಟದೆತ್ತರದ ಬಿಳಿ ಜಾಡಿಗಳನ್ನು ಮಾಡುತ್ತಾಳೆ. ಅವುಗಳ ಹೊಟ್ಟೆ, ಕತ್ತು, ಅಂಚಿನ ಬಾಗು ಎಲ್ಲ ಆ ಕಾರ್ಖಾನೆಯದೇ. ದೊಡ್ಡ ದೊಡ್ಡವರು ಅವುಗಳ ಮುಂದೆ ನಿಂತು ತಲೆದೂಗುವಾಗ, ಅದು ಯಾವುದರ ಬಾಗು ಎಂದು ಹೇಳಿಬಿಡಲೇ ಅನ್ನಿಸಿ ಅವಳಿಗೆ ನಗು ಉಕ್ಕುತ್ತದೆ. ನಿವೃತ್ತರಾಗಿ ಮನೆಯಲ್ಲಿದ್ದ ಅಪ್ಪ ಮಾತ್ರ ಒಂದು ಜಾಡಿಯನ್ನೂ ತಟ್ಟಿ ನೋಡಿದವರಲ್ಲ. "ಷೋಕಿ ಸಾಮಾನು, ಅದಕ್ಯಾಕೆ ಪರೀಕ್ಷೆ?" ಎನ್ನುತ್ತಿದ್ದರು. ಬಹುಮಾನ ಬಂದಾಗಲೂ ಅದೇ ರಾಗ. ಅವಳಿಗೆ ಅದು ಮುಳ್ಳಿನಂತೆ ಚುಚ್ಚುತ್ತಿತ್ತು. ಯಾರು ಹೊಗಳಿದರೇನು, ಅಪ್ಪ ಒಂದು ಸಲ ತಟ್ಟಬೇಕು ಎಂಬುದೇ ಅವಳ ಹಟ.

ಅಂದು ಅವಳ ಕಾರ್ಯಾಗಾರದಲ್ಲಿ ಜಾಡಿ ಸುಡುವ ಗೂಡು ತೆರೆಯುವ ದಿನ. ಪ್ರದರ್ಶನಕ್ಕೆ ಎರಡು ಜಾಡಿ ಹೋಗಬೇಕಿತ್ತು, ಮೂರು ಗಂಟೆಗೆ ವ್ಯಾನು. ಕಾಡಿ ಬೇಡಿ ಅಪ್ಪನನ್ನು ಹಳೆಯ ಸಲಕರಣೆಯ ಚೀಲದ ಸಮೇತ ಹೊರಡಿಸಿಕೊಂಡು ಬಂದಿದ್ದಳು. ಗೂಡಿನ ಬಾಗಿಲು ತೆಗೆದಾಗ ಉಳಿದಿದ್ದ ಬಿಸಿ ಮುಖಕ್ಕೆ ರಾಚಿತು. ಎರಡೂ ಜಾಡಿ ಒಂದು ಗುಳ್ಳೆಯೂ ಇಲ್ಲದೆ ಬೆಳ್ಳಗೆ ನಿಂತಿದ್ದವು. ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ತಟ್ಟು ಅಪ್ಪಾ."

ಅಪ್ಪ ಚೀಲದಿಂದ ಕೊಡತಿ, ಸುತ್ತಿಗೆ ಎರಡನ್ನೂ ಕೈಗೆತ್ತಿಕೊಂಡರು, ಕನ್ನಡಕ ತೆಗೆದರು, ಕಣ್ಣು ಮುಚ್ಚಿ ಮೊದಲ ಜಾಡಿಯನ್ನು ತಟ್ಟಿದರು. ಒಡಕು ಸದ್ದು. ಇನ್ನೊಮ್ಮೆ ತಟ್ಟಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಮೂವತ್ತೆಂಟು ವರ್ಷದ ಅಭ್ಯಾಸ ಕೈಗೆ ಬಂದು ಸುತ್ತಿಗೆ ಬಿದ್ದೇಬಿಟ್ಟಿತು. ಜಾಡಿ ನುಚ್ಚುನೂರಾಯಿತು.

ಅಪ್ಪನ ಮುಖ ಬಿಳಿಚಿಕೊಂಡಿತು. "ಏನು ಮಾಡ್ಬಿಟ್ಟೆ ನಾನು. ಕೈ ತಾನಾಗೇ ಹೋಯ್ತಮ್ಮಾ."

ಅವಳು ಚೂರೊಂದನ್ನು ಎತ್ತಿ ನೋಡಿದಳು. ತಳದಿಂದ ಮೇಲಕ್ಕೆ, ಗೂಡಿನಲ್ಲೇ ಬಿಟ್ಟಿದ್ದ ಗೇಣುದ್ದದ ಬಿರುಕು. ಎರಡು ತಿಂಗಳ ಕೆಲಸ ಹಾಳಾಗಿತ್ತು, ಅಳಬೇಕಿತ್ತು. ಆದರೆ ಅವಳಿಗೆ ಕುಣಿಯುವಷ್ಟು ಖುಷಿ. ಷೋಕಿ ಸಾಮಾನಿನ ಮೇಲೆ ಅಪ್ಪನ ಸುತ್ತಿಗೆ ಹಾಗೆ ಬೀಳುವಂಥದ್ದಲ್ಲ.

"ಇನ್ನೊಂದನ್ನೂ ತಟ್ಟು," ಎಂದಳು.

"ಬೇಡಮ್ಮ, ನಂಗೆ ಭಯ."

"ಸುತ್ತಿಗೆ ನನ್ನ ಹತ್ರ ಇರುತ್ತೆ."

ಅಪ್ಪ ಮತ್ತೆ ಕಣ್ಣು ಮುಚ್ಚಿ ತಟ್ಟಿದರು. ನಾದ ಕೋಣೆ ತುಂಬಿತು. ಅದು ಪೂರ್ತಿ ಅಡಗುವವರೆಗೂ ಅವರು ಕಣ್ಣು ತೆರೆಯಲಿಲ್ಲ. ಆಮೇಲೆ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು, ಒಡೆದ ತಳವನ್ನು ಕೈಗೆತ್ತಿಕೊಂಡು, "ದಪ್ಪ ಜಾಸ್ತಿ ಆಗಿದೆ. ಗಂಜೀನ ಅಚ್ಚಲ್ಲಿ ಎಷ್ಟು ಹೊತ್ತು ಬಿಟ್ಟಿದ್ದೆ?" ಎಂದು ಕೇಳಿದರು. ಮಗಳ ಕೆಲಸದ ಬಗ್ಗೆ ಇಪ್ಪತ್ತು ವರ್ಷಗಳಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ.

ಮೂರು ಗಂಟೆಗೆ ಹೊರಗೆ ವ್ಯಾನಿನವನು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗಿ ಒಳಗೆ ಬಂದ. ಅಪ್ಪ ಮಗಳು ಚೂರುಗಳ ನಡುವೆ ಕೂತು, ತಳ ಎಷ್ಟು ದಪ್ಪ ಇರಬೇಕೆಂದು ಜೋರು ದನಿಯಲ್ಲಿ ಜಗಳವಾಡುತ್ತಿದ್ದರು.