ಎಡಗಡೆಯ ಬಾಗಿಲು

ಬ್ರಿಟನ್ನಿನಿಂದ ಬಂದು ವಾರ ಕಳೆಯಿತು. ಶಾಲನ್ನು ಎರಡು ಸಲ ಒಗೆದೆ. ಆದರೂ ಅದರಿಂದ ಆ ವಾಸನೆ ಏಳುತ್ತದೆ: ಹಳೆಯ ಚರ್ಮದ ಸೀಟು, ಗ್ರೀಸು, ಸ್ವಲ್ಪ ಪೆಟ್ರೋಲು. ಅಥವಾ ಅದು ನನ್ನ ಮೂಗಿನಲ್ಲೇ ಉಳಿದುಬಿಟ್ಟಿದೆಯೋ ಏನೋ...

ಕೊಲ್ಲಿ ದೇಶದ ಈ ನಗರದಲ್ಲಿ, ಊದ್ ಮೇಥಾ ಬಡಾವಣೆಯ ಈ ಕಟ್ಟಡದಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಉಡುಪಿ ಕಡೆಯ ಅಂಕಲ್ ಇದ್ದರು. ಹೋಟೆಲೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ತನ್ನ ದೇಶಕ್ಕೆ ಮರಳುತ್ತಿದ್ದ ಒಬ್ಬ ಬ್ರಿಟನ್ನಿನವನಿಂದ ಕೊಂಡ ಹಸಿರು ಬಣ್ಣದ ಪುಟ್ಟ ಹಳೆಯ ಕಾರು ಅವರ ಪ್ರಾಣ. ಅದನ್ನು ಹತ್ತಿರದ ಸತ್ವಾ ಬಡಾವಣೆಯ ಒಂದು ಗ್ಯಾರೇಜಿನಲ್ಲಿ ಇಟ್ಟಿದ್ದರು. ರಜೆ ಸಿಕ್ಕಿದರೆ ಊರಲ್ಲಿ ನಾಲ್ಕು ದಿನ ಇದ್ದು, ಉಳಿದ ದಿನಗಳಲ್ಲಿ ಬ್ರಿಟನ್ನಿಗೆ ಹೋಗಿ ಹಳೆಯ ವಾಹನಗಳ ಮ್ಯೂಸಿಯಮ್ಮುಗಳನ್ನು ಸುತ್ತುತ್ತಿದ್ದರು.

"ಬೇರೆಯವರ ಗಂಡಂದಿರು ಲಂಡನ್ನಿಂದ ಸೆಂಟು ತರ್ತಾರೆ. ಇವರು ಬೋಲ್ಟಿನ ಫೋಟೋ ತರ್ತಾರೆ," ಎಂದು ಆಂಟಿ ಚಹಾ ಕೊಡುತ್ತ ಹೇಳುತ್ತಿದ್ದರು.

"ಸೆಂಟು ಆರಿಹೋಗ್ತದೆ ಮಾರಾಯ್ತಿ," ಎನ್ನುತ್ತಿದ್ದರು ಅಂಕಲ್.

ಆ ಕಾರಿನಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ಕಾರು ನಿಂತ ಮೇಲೆ ಪಕ್ಕದ ಸೀಟಿನವರು ಬಾಗಿಲು ಮುಟ್ಟಬಾರದು. ಅಂಕಲ್ಲೇ ಇಳಿದು, ಸುತ್ತಿಕೊಂಡು ಬಂದು, ಹಿಂದೆ ಮುಂದೆ ನೋಡಿ ತೆರೆಯಬೇಕು. ಕಾರಣವಿತ್ತು. ಅದರ ಸ್ಟೀರಿಂಗ್ ನಮ್ಮೂರಿನ ಕಾರುಗಳಂತೆ ಬಲಗಡೆ. ನಮ್ಮೂರಿನಲ್ಲಿ ರಸ್ತೆಯ ಎಡಬದಿಯಲ್ಲಿ ಹೋಗುವವರು ನಾವು, ಎಡಗಡೆ ಇಳಿಯುವುದೇ ಕ್ಷೇಮ. ಇಲ್ಲಿ ವಾಹನಗಳೆಲ್ಲ ಬಲಬದಿಯಲ್ಲಿ, ಎಡಗಡೆ ಇಳಿದರೆ ನೇರ ರಸ್ತೆಗೇ ಇಳಿದಂತೆ. ಬೇರೆ ಕಾರುಗಳಲ್ಲಿ ನನಗೆ ಇದು ಅಭ್ಯಾಸವಾಗಿತ್ತು. ಆದರೆ ಆ ಕಾರಿನಲ್ಲಿ ಕೂತರೆ ಮೈ ಊರಿನಲ್ಲೇ ಇದ್ದೇನೆಂದುಕೊಳ್ಳುತ್ತಿತ್ತು. ಇಲ್ಲಿನ ಕನ್ನಡ ಕೂಟಗಳಿಗೆ ಹೋದಾಗ ಅವರು ನನಗೆ ಬಾಗಿಲು ತೆರೆಯುವುದನ್ನು ಕಂಡು ಹುಡುಗಿಯರು, "ಮಹಾರಾಣಿಯವರ ಸವಾರಿ ಬಂತು," ಎಂದು ಕಿಚಾಯಿಸುತ್ತಿದ್ದರು.

ಅದೊಂದು ಶನಿವಾರ ಬೆಳಿಗ್ಗೆ ಅಬುಧಾಬಿ ಹತ್ತಿರದ ಬನಿಯಾಸಿನಲ್ಲಿದ್ದ ನನ್ನ ಅಕ್ಕನ ಮನೆಗೆ ಊಟಕ್ಕೆ ಹೊರಟಿದ್ದೆವು. ಆಂಟಿಗೆ ನೆಗಡಿ ಎಂದು ನಾವಿಬ್ಬರೇ. ಅಬುಧಾಬಿಯ ಹೆದ್ದಾರಿಯಲ್ಲಿ ಕಾರು ಕೆಮ್ಮಿತು, ಒದರಿತು. ಅಂಕಲ್ ಹೇಗೋ ಬಲಬದಿಯ ಅಂಚಿಗೆ ತಂದು ನಿಲ್ಲಿಸಿದರು. ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ. ಪೆಟ್ರೋಲಿನ ವಾಸನೆ. ನನಗೆ ತೋಚಿದ್ದು ಒಂದೇ: ಇಳಿಯಬೇಕು. ಕೈ ತಾನಾಗಿ ಎಡಗಡೆಯ ಹಿಡಿಗೆ ಹೋಯಿತು. ಬಾಗಿಲು ಅರ್ಧ ತೆರೆದಿತ್ತು. ಒಂದು ಕಾಲು ಎತ್ತಿದ್ದೆ...

"ಆ ಕಡೆ ಅಲ್ಲ. ಅದು ಊರಲ್ಲಿ."

ಅವರು ಕಿರುಚಲಿಲ್ಲ. ನನ್ನ ಮಣಿಕಟ್ಟು ಹಿಡಿದು ತಮ್ಮ ಕಡೆಗೆ ಎಳೆದರು, ಅಷ್ಟೇ. ಒಂದು ಟ್ರೇಲರ್ ಹಾದುಹೋಯಿತು. ಸದ್ದು ಆಮೇಲೆ ಕೇಳಿಸಿದ ಹಾಗೆ ನೆನಪು. ಮೊದಲು ಗಾಳಿ, ಆಮೇಲೆ ಬಿಸಿಲು, ಏಕೆಂದರೆ ಬಾಗಿಲಿದ್ದ ಜಾಗದಲ್ಲಿ ಬಾಗಿಲಿರಲಿಲ್ಲ. ಅದು ಬಹಳ ಮುಂದೆ, ಮರಳಿನ ಮೇಲೆ ಮಡಚಿಕೊಂಡು ಬಿದ್ದಿತ್ತು. ಅಂಕಲ್ ತಮ್ಮ ಸೀಟಿನ ಮೇಲಿನಿಂದ ನನ್ನನ್ನು ಹೊರಗೆಳೆದು, ಕಾರಿನಿಂದ ದೂರ ಕೂರಿಸಿ, ನೀರಿನ ಬಾಟಲಿ ತೆರೆಯಲು ನೋಡಿದರು. ಮುಚ್ಚಳವನ್ನು ತಪ್ಪು ದಿಕ್ಕಿಗೇ ತಿರುಗಿಸುತ್ತಿದ್ದರು. ಹೊಗೆ ತಾನಾಗಿ ಅಡಗಿತು.

"ಕಾರು..." ಎಂದೆ.

"ಬಾಗಿಲು ಎಲ್ಲಿಯಾದ್ರೂ ಸಿಗ್ತದೆ. ಸುಮ್ಮನೆ ಕೂತ್ಕೋ ನೀನು."

ಸಿಗಲಿಲ್ಲ. ಗ್ಯಾರೇಜಿನವರು ತಗಡು ಬಡಿದು ಮಾಡಿಕೊಡುತ್ತೇವೆಂದರು, ಅಂಕಲ್ ಒಪ್ಪಲಿಲ್ಲ. ಕಾರು ಟಾರ್ಪಾಲಿನ ಕೆಳಗೆ ಕೂತಿತು. ಮುಂದಿನ ರಜೆಯಲ್ಲಿ ಬ್ರಿಟನ್ನಿನ ಒಂದು ಮ್ಯೂಸಿಯಮ್ಮಿನಿಂದ ವಾಯ್ಸ್ ಮೆಸೇಜ್ ಬಂತು: "ಇಲ್ಲಿ ಉಂಟು ಮಾರಾಯ್ತಿ, ನಮ್ಮದೇ ಬಾಗಿಲು. ಎಷ್ಟು ಕೇಳಿದ್ರೂ ಕೊಡುದಿಲ್ಲವಂತೆ." ಹಿಂದೆ ಆಂಟಿಯ ನಗು. ಆಮೇಲೆ ಅವರ ಕೆಲಸ ಮುಗಿಯಿತು, ವೀಸಾ ಖಲಾಸ್, ಕಾರು ಯಾರದೋ ಪಾಲಾಯಿತು. ಹೋದ ವರ್ಷ ಊರಿನಿಂದ ಸುದ್ದಿ ಬಂತು. ಮಧ್ಯಾಹ್ನ ಮಲಗಿದ ಅಂಕಲ್ ಮತ್ತೆ ಏಳಲಿಲ್ಲವಂತೆ.

ಈ ಸಲ ಕಚೇರಿಯ ಕೆಲಸಕ್ಕೆ ಬ್ರಿಟನ್ನಿಗೆ ಹೋದವಳು ಆ ಮ್ಯೂಸಿಯಮ್ಮನ್ನು ಹುಡುಕಿಕೊಂಡು ಹೋದೆ. ಅದೇ ಮಾದರಿಯ ಕಾರು, ಅದೇ ಹಸಿರು. ಬಹಳ ಹೊತ್ತು ನಿಂತಿದ್ದನ್ನು ಕಂಡು ಅಲ್ಲಿನ ಮುದುಕಿಯೊಬ್ಬಳು ಹಗ್ಗ ಸರಿಸಿ ಒಳಗೆ ಕೂರಲು ಬಿಟ್ಟಳು. ಪಕ್ಕದ ಸೀಟಿನಲ್ಲಿ ಕೂತೆ. ಬಾಗಿಲು ಮುಚ್ಚಿತು. ಇಳಿಯುವ ಹೊತ್ತಿಗೆ ಕೈ ಹಿಡಿಯ ಹತ್ತಿರ ಹೋಗಿ ನಿಂತಿತು. ಆ ದೇಶದಲ್ಲಿ ಎಡಗಡೆಯೇ ಕ್ಷೇಮ, ಅದೂ ಗೋಡೆಗಳ ನಡುವೆ ನಿಂತ ಕಾರು... ಎಲ್ಲ ಗೊತ್ತಿತ್ತು. ಕೈ ಮಡಿಲಿಗೆ ಮರಳಿತು. ಕೊನೆಗೆ ಅವಳೇ ಸುತ್ತಿಕೊಂಡು ಬಂದು ತೆರೆದಳು.

ನಿನ್ನೆ ಕಚೇರಿಯಿಂದ ಬರುವಾಗ ಟ್ಯಾಕ್ಸಿ ಕಟ್ಟಡದ ಮುಂದೆ ನಿಂತಿತು. ಬಲಗಡೆ ಕೂತಿದ್ದೆ, ಪಕ್ಕದಲ್ಲೇ ಫುಟ್‌ಪಾತು. ಆದರೂ ಬಾಗಿಲು ಮುಟ್ಟಲಿಲ್ಲ.

"ಆ ಗಯಾ ಮೇಡಂ," ಎಂದ ಡ್ರೈವರ್. ಸ್ವಲ್ಪ ತಡೆದು, "ಮೇಡಂ?"

ಹಿಂದೆ ಮುಂದೆ ನೋಡಿದೆ. ಮತ್ತೊಮ್ಮೆ ನೋಡಿದೆ. ಆಮೇಲೆ ನಾನೇ ತೆರೆದುಕೊಂಡೆ.