ಮದುಮಗನ ಕಣ್ಣು

ಒಬ್ಬರ ಮುಖಕ್ಕೆ ಇನ್ನೊಬ್ಬರ ಕಣ್ಣು ಅಂಟಿಸಿದ ಮಹಾಪುರುಷ ನಾನು. ಇಂಡಿ ಪಟ್ಟಣದ ನಮ್ಮ ಫೋಟೋ ಸ್ಟುಡಿಯೋದಲ್ಲಿ ಕಣ್ಣು ಮುಚ್ಚಿದ ಮದುಮಕ್ಕಳನ್ನೆಲ್ಲ ಕಂಪ್ಯೂಟರಿನಲ್ಲೇ ಎಬ್ಬಿಸುವವನು.

ಹೊರ್ತಿ ಊರಿನ ಫೌಜಿ ಕಾಕಾ ಅರ್ಜಿಗೆ ಹಚ್ಚುವ ಫೋಟೋಕ್ಕೆ ಬಂದಿದ್ದರು. ಗಡಿಯಲ್ಲಿ ಪಹರೆಗೆ ನಿಂತಾಗ ನಿದ್ದೆಹೋದರೆಂದು ಸೇನೆ ಅವರನ್ನು ವಜಾ ಮಾಡಿತ್ತು. ಆ 'ವಜಾ' ಅಳಿಸಿ, ಎಲ್ಲರಂತೆ 'ಬಿಡುಗಡೆ' ಎಂದು ಬರೆದುಕೊಡಿ ಎಂದು ವರ್ಷಗಳಿಂದ ಅರ್ಜಿ ಹಾಕುತ್ತಲೇ ಇದ್ದರು. ಯಾರು "ಆರಾಮೇನ್ರಿ?" ಎಂದರೂ "ಎಚ್ಚರ ಅದೀನಿ" ಎನ್ನುವರು.

ನಮ್ಮ ಹಿನ್ನೆಲೆ ಪರದೆಯ ಮೇಲೆ ಬಿಡಿಸಿದ ಹಿಮದ ಬೆಟ್ಟವನ್ನು ಅವರು ಮೆಲ್ಲಗೆ ಸವರಿ, ಸ್ಟೂಲಿನ ಮೇಲೆ ಕೂತರು.

"ಅವತ್ತೂ ಹಿಂಗ ಬೆಳ್ಳಗಿತ್ತು. ನೋಡಕೋತ ನಿಂತಿದ್ದೆ, ಹಿಮ ಹೋಗಿ ನಮ್ಮ ಹೊಲದಾನ ಹತ್ತಿ ಆತು. ಅವ್ವ ಬಿಡಸಾಕತ್ತಿದ್ಲು..."

ಹೇಳುತ್ತಲೇ ಕಣ್ಣು ಮುಚ್ಚಿದವು. ನಾನು ಅದೇ ಗಳಿಗೆಗೆ ಕ್ಲಿಕ್ಕಿಸಿದೆ.

ಅವರು ಚಹಾ ಕುಡಿದು ಬರುವಷ್ಟರಲ್ಲಿ, ಹಿಂದಿನ ದಿನದ ಮದುಮಗನೊಬ್ಬನ ಕಣ್ಣು ತಂದು ಕೂಡಿಸಿದೆ. ಎಂಥ ಕಣ್ಣು! ಹುಲಿಯೂ ದಾರಿ ಬಿಡಬೇಕು.

ಕಾಕಾ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇವು ಯಾರ ಕಣ್ಣೋ ತಮ್ಮಾ?"

"ಮದುಮಗಂದ್ರಿ ಕಾಕಾ. ನಿಮ್ಮವು ಮುಚ್ಚಿದ್ದುವು. ಈ ಅರ್ಜಿಗೆ ಮುಚ್ಚಿದ ಕಣ್ಣು ಹಚ್ಚಿದ್ರ ಸಾಹೇಬ್ರು ನಗೂದಿಲ್ಲೇನ್ರಿ?"

ಕಾಕಾನೇ ಮೊದಲು ನಕ್ಕರು. ಆಮೇಲೆ ಸ್ಟೂಲಿನ ಮೇಲೆ ಮತ್ತೆ ನೆಟ್ಟಗೆ ಕೂತರು.

"ಇನ್ನೊಂದು ತಗಿಯಪಾ. ನಿದ್ದಿ ಮಾಡಿದ್ದು ನನ್ನ ಕಣ್ಣು. ಮಾಫಿ ಕೇಳಾಕೂ ಅವಽ ಬೇಕು."