ಅಕ್ಷಯನಿಗೆ ನೀರು ಹಾಕಿದ ತೊಟ್ಟಿ

ವಸಂತಿಗೆ ಒಂದು ಚಾಳಿ. ಯಾರ ಮನೆಗೆ ಊಟಕ್ಕೆ ಹೋದರೂ ಕೊನೆಗೆ ಸಿಂಕಿನ ಮುಂದೆ ನಿಂತಿರುತ್ತಾಳೆ. ಕೊಳೆ ಕಂಡರೆ ಅವಳ ಕೈ ಸುಮ್ಮನಿರದು. ಮಂಗಳೂರಿನ ಚರ್ಚಿನಲ್ಲಿ ಈಸ್ಟರ್ ಬಂತೆಂದರೆ ದೀಕ್ಷಾಸ್ನಾನದ ಕಲ್ಲುತೊಟ್ಟಿಯನ್ನು ಹುಣಸೆಹುಳಿ ಹಚ್ಚಿ ತಿಕ್ಕುತ್ತಿದ್ದದ್ದು ಅವಳ ಅಮ್ಮ, ಆಮೇಲೆ ಅವಳೇ.

ಆಮೇಲೆ ಅವಳು ಬಂದು ನೆಲೆಸಿದ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ಕನ್ನಡ ಕ್ರೈಸ್ತರ ಸಭೆ ಕೂಡುತ್ತಿದ್ದ ಬಾಡಿಗೆಯ ಚರ್ಚಿನಲ್ಲೂ ಅಂಥದೇ ಒಂದು ತೊಟ್ಟಿಯಿತ್ತು. ಮಧ್ಯಯುಗದ ಇಂಗ್ಲೆಂಡಿನ ಯಾವುದೋ ಹಳ್ಳಿಯದು. ಆ ಹಳ್ಳಿ ಅಳಿದು, ಚರ್ಚು ಬಿದ್ದು, ಅದರ ಜಾಗದಲ್ಲಿ ಕುರಿ ಮೇಯ್ದು, ಉಳಿದ ತೊಟ್ಟಿಯನ್ನು ಯಾರೋ ಸಾಹುಕಾರ ಹಡಗಿನಲ್ಲಿ ತರಿಸಿದನಂತೆ. ಅಂಚಿನಲ್ಲಿ ಹಳ್ಳಿಯ ಹೆಸರು ಕೊರೆದಿತ್ತು. ಎಷ್ಟು ಸವೆದಿತ್ತೆಂದರೆ ಫೋಟೋದಲ್ಲಿ ಮೂಡುತ್ತಿರಲಿಲ್ಲ, ಬೆರಳಿಗೆ ಮಾತ್ರ ಸಿಗುತ್ತಿತ್ತು. ವಸಂತಿಯ ಮೊದಲ ಮಗು ಅಕ್ಷಯನಿಗೆ ದೀಕ್ಷಾಸ್ನಾನದ ನೀರು ಹಾಕಿದ್ದು ಅಲ್ಲೇ. ಆಸ್ಪತ್ರೆಯ ಹೊರಗೆ ಅವನು ಕಂಡದ್ದು ಆ ಒಂದು ಬೆಳಿಗ್ಗೆ. ಮರಳಿ ಆಸ್ಪತ್ರೆಗೆ ಹೋದವನು ಮನೆಗೆ ಬರಲೇ ಇಲ್ಲ.

ಈಗ ಅಪಾರ್ಟ್‌ಮೆಂಟು ಕಟ್ಟಲು ಚರ್ಚನ್ನು ಮಾರಿದ್ದರು. ತೊಟ್ಟಿಯ ಮೇಲೆ ಹತ್ತಿರದ ಊರು ಡ್ಯಾನ್‌ವಿಲ್‌ನ ಒಬ್ಬ ಶ್ರೀಮಂತನ ಕಣ್ಣು ಬಿದ್ದಿತ್ತು, ತೋಟದಲ್ಲಿ ಹೂ ನೆಡಲಿಕ್ಕೆ. ಮಗಳು ಶ್ರೇಯಾ ಒಂದು ಮ್ಯೂಸಿಯಮಿನವರ ಬೆನ್ನು ಹತ್ತಿದಳು. ಹೆಸರಿರುವುದು ನಿಜವಾದರೆ ನಾವೇ ಇಟ್ಟುಕೊಳ್ಳುತ್ತೇವೆ, ಬಂದು ನೋಡುತ್ತೇವೆ ಎಂದರು. ಅಂದು ವಸಂತಿ ಹೊಟ್ಟೆ ತುಂಬ ಉಂಡಳು.

ದೊಡ್ಡವರು ನೋಡಲು ಬರುವಾಗ ಮಸಿ ಹಿಡಿದ ತೊಟ್ಟಿ ತೋರಿಸುವುದೇ? ಹಿಂದಿನ ಸಂಜೆ ಗಂಡ ಜಯರಾಜನಿಗೂ ಹೇಳದೆ ಹುಣಸೆಹುಳಿ, ತಂತಿ ಬ್ರಷ್ಷು ಹಿಡಿದು ಹೋದಳು. ಹುಳಿ ಬಿದ್ದಲ್ಲೆಲ್ಲ ಬುಸುಬುಸು ನೊರೆ ಎದ್ದಿತು. ಕೊಳೆ ಬಿಡುತ್ತಿದೆ ಎಂದು ಇನ್ನೂ ಬಲವಾಗಿ ತಿಕ್ಕಿದಳು. ಊರಿನದು ಕಪ್ಪುಗಲ್ಲು, ಇದು ಸುಣ್ಣಕಲ್ಲು, ಹುಳಿಗೆ ಕರಗುತ್ತದೆ ಎಂದು ಆ ಪುಣ್ಯಾತ್ಗಿತ್ತಿಗೆ ಹೇಳಲು ಅಲ್ಲಿ ಯಾರಿದ್ದರು?

ಮರುದಿನ ಬಂದ ಮ್ಯೂಸಿಯಮಿನ ಹೆಂಗಸು ಅಂಚಿನ ಸುತ್ತ ಬೆರಳಾಡಿಸಿದಳು, ಟಾರ್ಚು ಹಿಡಿದಳು. ಇಲ್ಲಿ ಅಕ್ಷರವೇನೂ ಇಲ್ಲವಲ್ಲ ಎಂದು ಮೆತ್ತಗೆ ಹೇಳಿ ಹೊರಟಳು. ಜಯರಾಜ್ ತೊಟ್ಟಿಗೆ ಬಗ್ಗಿ ಮೂಸಿದ.

"ಹುಳಿ ಹಾಕಿದ್ಯಾ?"

"ಚೊಕ್ಕ ಕಾಣ್ಲಿ ಅಂತ ಹಾಕ್ದೆ ರೀ. ಹೆಸ್ರೇ ಹೋಗ್ಬಿಡತ್ತೆ ಅಂತ ನಂಗೇನು ಗೊತ್ತು?"

ವಸಂತಿಗೆ ಅಲ್ಲೇ ಸತ್ತುಹೋಗಬಾರದೇ ಅನಿಸಿತು. ಮಗನನ್ನು ಎರಡನೆಯ ಸಲ ಕಳೆದುಕೊಂಡಿದ್ದಳು, ಈ ಸಲ ತನ್ನ ಕೈಯಾರೆ.

ಆ ವಾರವೇ ಡ್ಯಾನ್‌ವಿಲ್‌ನವನು ಟ್ರಕ್ಕು ತಂದ. ತೊಟ್ಟಿ ಇಷ್ಟು ಬೆಳ್ಳಗಿದೆಯೆಂದು ಗೊತ್ತೇ ಇರಲಿಲ್ಲ, ತೊಳೆದವರು ಯಾರು ಎಂದು ಕೇಳಿದ. ವಸಂತಿ ಮುಂದೆ ಬಂದಳು. ಅವನು ಅವಳ ಕೈ ಹಿಡಿದು ಕುಲುಕಿ, ಬಾಯ್ತುಂಬ ಥ್ಯಾಂಕ್ಸ್ ಹೇಳಿದ.